ಮೂರು ಅಟ್ಲಾಂಟಿಕ್‌ಗಳಲ್ಲಿ ಒಂದೂ ‘ಮೂಲ ರೂಪ’ದಲ್ಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬುಗಾಟಿ ಅಟ್ಲಾಂಟಿಕ್ ಕಾರಿನ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಫೋಟೊ ಚೆನ್ನಾಗಿತ್ತು. ಜಗತ್ತಿನಲ್ಲಿ ಉಳಿದಿರುವುದು ಮೂರೇ ಕಾರು ಎಂದು ಬರೆದಿದ್ದೂ ಸರಿ. ಆದರೆ ಆ ಮೂರೂ ಕಾರ್ಖಾನೆಯಿಂದ ಹೊರಬಂದ ದಿನ ಹೇಗಿದ್ದವೋ ಇಂದಿಗೂ ಹಾಗೇ ಇವೆ, ಅದಕ್ಕೇ ಅಷ್ಟು ಬೆಲೆ ಎಂಬ ಮಾತು ಸರಿಯಲ್ಲ. ಮೂರರಲ್ಲಿ ಒಂದೂ ಹಾಗಿಲ್ಲ. ಅವುಗಳ ಬೆಲೆ ನಿಂತಿರುವುದು ಬೇರೆಯದರ ಮೇಲೆ: ಯಾರ ಕೈಯಿಂದ ಯಾರ ಕೈಗೆ ಹೋಯಿತು, ಪ್ರತಿ ಕೈಯಲ್ಲೂ ಕಾರಿಗೆ ಏನಾಯಿತು ಎಂಬುದಕ್ಕೆ ಇರುವ ಲೆಕ್ಕದ ಮೇಲೆ. ಈ ವ್ಯತ್ಯಾಸ ನಮ್ಮ ರಾಜ್ಯದಲ್ಲಿ ಹಳೆಯ ಕಾರು ಇಟ್ಟುಕೊಂಡವರಿಗೂ ಸಂಬಂಧಿಸಿದ್ದು. ಹಾಗಾಗಿ ಪತ್ರ ಸ್ವಲ್ಪ ಉದ್ದವಾಗಿದೆ, ಮನ್ನಿಸಬೇಕು.

ಮೊದಲು ಕಾರಿನ ವಿಷಯ. ಫ್ರಾನ್ಸಿನ ಅಲ್ಸೇಸ್ ಸೀಮೆಯ ಮೋಲ್ಸೈಮ್‌ನಲ್ಲಿದ್ದ ಬುಗಾಟಿ ಕಾರ್ಖಾನೆ 1934ರಲ್ಲಿ ‘ಟೈಪ್ 57’ ಮಾದರಿ ಶುರು ಮಾಡಿತು. ಸಾಲಾಗಿ ನಿಂತ ಎಂಟು ಸಿಲಿಂಡರ್, ಒಟ್ಟು 3,257 ಸಿ.ಸಿ., ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟ್. ಇದರ ತಗ್ಗಿಸಿದ ರೂಪವೇ 57ಎಸ್. ತಗ್ಗಿಸಿದ್ದು ಎಂದರೆ ಸ್ಪ್ರಿಂಗ್ ಕತ್ತರಿಸಿ ಕೂರಿಸಿದ್ದಲ್ಲ. ಹಿಂದಿನ ಆಕ್ಸಲ್ಲು ಚಾಸಿಯ (ಕಾರಿನ ಅಡಿ ಚೌಕಟ್ಟಿನ) ಪಟ್ಟಿಯ ಕೆಳಗೆ ಹಾಯುವ ಬದಲು ಪಟ್ಟಿಯಲ್ಲೇ ಮಾಡಿದ ತೂತಿನ ಮೂಲಕ ಹಾಯುತ್ತದೆ. ಎಂಜಿನ್ನಿನ ಅಡಿಯಲ್ಲಿ ಎಣ್ಣೆಯ ಸಂಪ್ ನೇತಾಡಲು ಜಾಗವೇ ಉಳಿಯದ್ದರಿಂದ ಎಣ್ಣೆಯನ್ನು ಬೇರೆ ಟ್ಯಾಂಕಿನಲ್ಲಿಟ್ಟು ಪಂಪ್ ಮಾಡುವ ಡ್ರೈ ಸಂಪ್ ಇಟ್ಟರು. ಇಂಥ ಚಾಸಿಗಳು ನಲವತ್ತಕ್ಕೆ ಸ್ವಲ್ಪ ಹೆಚ್ಚು ತಯಾರಾದವು. ಸುಮಾರು 175 ಅಶ್ವಶಕ್ತಿ. ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಕೂರಿಸಿದರೆ 57ಎಸ್‌ಸಿ, ಸುಮಾರು 200. ಹುಟ್ಟಿನಿಂದಲೇ ಸೂಪರ್‌ಚಾರ್ಜರ್ ಇದ್ದ 57ಎಸ್‌ಸಿ ಎರಡೇ ಎರಡು. ಇಂದು ‘ಎಸ್‌ಸಿ’ ಎಂದು ಕರೆಸಿಕೊಳ್ಳುವ ಉಳಿದವಕ್ಕೆಲ್ಲ ಅದು ಆಮೇಲೆ ಬಂದದ್ದು. ಮಾಲೀಕರು ಕಾರನ್ನು ಮೋಲ್ಸೈಮ್‌ಗೆ ವಾಪಸು ಕಳಿಸಿ ಹಾಕಿಸಿಕೊಳ್ಳುತ್ತಿದ್ದರು.

ಈ ಚಾಸಿಯ ಮೇಲೆ ಸಂಸ್ಥಾಪಕ ಎತ್ತೋರೆ ಬುಗಾಟಿಯ ಮಗ ಜೀನ್ ಬುಗಾಟಿ ರೂಪಿಸಿದ ಬಾಡಿಯೇ ಅಟ್ಲಾಂಟಿಕ್. ಬೆನ್ನುಹುರಿಯ ಹಾಗೆ ಮುಂದಿನಿಂದ ಹಿಂದಿನವರೆಗೆ ಎದ್ದು ನಿಂತ ಪಟ್ಟಿ, ಅದರುದ್ದಕ್ಕೂ ಸಾಲು ರಿವಿಟ್. ಈ ರಿವಿಟ್ಟುಗಳಿಗೂ ಒಂದು ಕಾರಣವಿದೆ. 1935ರ ಪ್ಯಾರಿಸ್ ಪ್ರದರ್ಶನಕ್ಕೆ ಬಂದ ಮಾದರಿ ಕಾರು, ಏರೋಲಿತ್, ಎಲೆಕ್ಟ್ರಾನ್ ಎಂಬ ಮೆಗ್ನೀಸಿಯಂ ಮಿಶ್ರಲೋಹದ್ದಾಗಿತ್ತು. ಮೆಗ್ನೀಸಿಯಂ ತಗಡಿಗೆ ವೆಲ್ಡಿಂಗ್ ಜ್ವಾಲೆ ಹಿಡಿದರೆ ಬೆಂಕಿ ಹತ್ತಿಕೊಳ್ಳುವ ಅಪಾಯ. ಅದಕ್ಕೇ ತಗಡಿನ ಅಂಚುಗಳನ್ನು ಹೊರಕ್ಕೆ ಮಡಚಿ ರಿವಿಟ್ ಹೊಡೆದು ಜೋಡಿಸಿದರು ಎಂಬುದು ಎಲ್ಲರೂ ಒಪ್ಪುವ ವಿವರಣೆ. ಆಮೇಲೆ ಬಂದ ನಾಲ್ಕು ಅಟ್ಲಾಂಟಿಕ್‌ಗಳದ್ದು ಅಲ್ಯೂಮಿನಿಯಂ ಬಾಡಿ. ಅದನ್ನು ವೆಲ್ಡ್ ಮಾಡಬಹುದಿತ್ತು. ಆದರೂ ರಿವಿಟ್ ಸಾಲನ್ನು ಅಂದಕ್ಕೆಂದು ಉಳಿಸಿಕೊಂಡರು. ಏರೋಲಿತ್ ಮಾತ್ರ ಕಣ್ಮರೆಯಾಯಿತು.

ನಾಲ್ಕು ಅಟ್ಲಾಂಟಿಕ್‌ಗಳ ಚಾಸಿ ನಂಬರ್ 57374, 57453, 57473, 57591. ಒಂದೊಂದರ ಕಥೆಯೂ ಒಂದೊಂದು ಬಗೆ.

57374 ಮೊದಲನೆಯದು. 1936ರಲ್ಲಿ ಲಂಡನ್ನಿನ ವಿಕ್ಟರ್ ರಾತ್ಸ್‌ಚೈಲ್ಡ್‌ಗೆ ಹೋಯಿತು. ಬೂದು ಬೆರೆತ ನೀಲಿ ಬಣ್ಣ, ಸೂಪರ್‌ಚಾರ್ಜರ್ ಇರಲಿಲ್ಲ. ಅದು ಆಮೇಲೆ ಬಂತು. ಯುದ್ಧದ ನಂತರ ಕಾರು ಅಮೆರಿಕ ಸೇರಿತು. 1971ರಲ್ಲಿ ಡಾ. ಪೀಟರ್ ವಿಲಿಯಮ್ಸನ್ ಎಂಬ ನರರೋಗ ತಜ್ಞರು ಹರಾಜಿನಲ್ಲಿ 59,000 ಡಾಲರಿಗೆ ಕೊಂಡರು. ಡಾಲರಿಗೆ ಏಳೂವರೆ ರೂಪಾಯಿ ಇದ್ದ ಕಾಲ ಅದು, ನಾಲ್ಕೂವರೆ ಲಕ್ಷ ರೂಪಾಯಿಯೊಳಗೇ ಮುಗಿದ ವ್ಯಾಪಾರ. ಆ ದಿನಕ್ಕೆ ಅದೇ ಹುಬ್ಬೇರಿಸುವ ಬೆಲೆ. ಅವರು ಕಾರನ್ನು ಮತ್ತೆ ಮೊದಲಿನ ರೂಪಕ್ಕೆ ತರಿಸಿದರು. 2003ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ ನಡೆಯುವ ಹಳೆಯ ಕಾರುಗಳ ಸ್ಪರ್ಧೆಯಲ್ಲಿ ಅದಕ್ಕೆ ಅಗ್ರ ಪ್ರಶಸ್ತಿ ಬಂತು. ವಿಲಿಯಮ್ಸನ್ 2008ರಲ್ಲಿ ತೀರಿಕೊಂಡರು. 2010ರಲ್ಲಿ ಕಾರು ಖಾಸಗಿ ಮಾರಾಟದಲ್ಲಿ ಹೋಗಿ, ಆಕ್ಸ್‌ನಾರ್ಡ್‌ನ ಮುಲ್ಲಿನ್ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ನಿಂತಿತು. ನಿಮ್ಮ ಬರಹದಲ್ಲಿ ಈ ಮಾರಾಟದ ಬೆಲೆಯನ್ನು ಖಚಿತ ಅಂಕಿಯಾಗಿ ಕೊಟ್ಟಿದ್ದೀರಿ. ಆ ಬೆಲೆಯನ್ನು ಮಾರಿದವರೂ ಕೊಂಡವರೂ ಬಹಿರಂಗಪಡಿಸಲಿಲ್ಲ. ಮೂರರಿಂದ ನಾಲ್ಕು ಕೋಟಿ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ 135ರಿಂದ 180 ಕೋಟಿ ರೂಪಾಯಿ ಎಂಬುದು ಪತ್ರಿಕೆಗಳ ಅಂದಾಜು ಅಷ್ಟೇ.

57473 ನೀಸ್ ನಗರದ ಜಾಕ್ ಹೋಲ್ಜ್‌ಶೂ ಅವರದು. 1937ರಲ್ಲಿ ಜುವಾನ್-ಲೆ-ಪಿನ್‌ನ ಸೌಂದರ್ಯ ಸ್ಪರ್ಧೆಯಲ್ಲಿ ಗೆದ್ದ ಕಾರು. ಯುದ್ಧ ಕಳೆದು ಬೇರೆಯವರ ಕೈ ಸೇರಿ, 1955ರ ಆಗಸ್ಟ್‌ನಲ್ಲಿ ಜಿಯೆನ್ ಊರಿನ ಬಳಿ ಲೆವೆಲ್ ಕ್ರಾಸಿಂಗ್‌ನಲ್ಲಿ ರೈಲಿಗೆ ಸಿಕ್ಕಿತು. ಕಾರಿನಲ್ಲಿದ್ದ ಮಾಲೀಕ ಮತ್ತು ಜೊತೆಗಿದ್ದ ಮಹಿಳೆ ಇಬ್ಬರೂ ಸತ್ತರು. ಉಳಿದ ಲೋಹ ಗುಜರಿಯವನ ಅಂಗಳದಲ್ಲಿ ವರ್ಷಗಟ್ಟಲೆ ಬಿದ್ದಿತ್ತು. 1960ರ ದಶಕದಲ್ಲಿ ಒಬ್ಬ ಸಂಗ್ರಾಹಕ ಅದನ್ನು ಕೊಂಡು, ನುಜ್ಜುಗುಜ್ಜಾದ ತಗಡಿನಲ್ಲಿ ತಟ್ಟಿ ನೇರ ಮಾಡಲು ಬಂದಷ್ಟನ್ನು ತಟ್ಟಿಸಿ, ಬಾರದ್ದನ್ನು ಹೊಸದಾಗಿ ಮಾಡಿಸಿದ. ಕೆಲಸ ಮುಗಿದದ್ದು 1977ರಲ್ಲಿ. ಈಗ ಖಾಸಗಿ ಸಂಗ್ರಹವೊಂದರಲ್ಲಿದೆ. ಅಲ್ಲಿಗೆ ಹೋದ ಮೇಲೆ ಇನ್ನೊಂದು ಸಲ ಬಿಚ್ಚಿ ಕಟ್ಟಿದ್ದಾರೆ. ಇದನ್ನು ಕಾರ್ಖಾನೆಯಿಂದ ಬಂದ ಹಾಗೇ ಇದೆ ಎಂದು ಬರೆದರೆ ಆ ಕಾರಿನ ಇಪ್ಪತ್ತು ವರ್ಷದ ಚರಿತ್ರೆಯನ್ನೇ ಅಳಿಸಿದಂತೆ.

57591 ಕೊನೆಯದು. 1938ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ರಿಚರ್ಡ್ ಪೋಪ್ ಅವರಿಗೆ ಹೋಯಿತು. ನೋಂದಣಿ ಸಂಖ್ಯೆ ಇಎಕ್ಸ್‌ಕೆ 6. ಅವರೇ ಮರುವರ್ಷ ಕಾರ್ಖಾನೆಯಲ್ಲಿ ಸೂಪರ್‌ಚಾರ್ಜರ್ ಹಾಕಿಸಿದರು, ಸುಮಾರು ಮೂವತ್ತು ವರ್ಷ ಇಟ್ಟುಕೊಂಡರು. 1988ರಿಂದ ಉಡುಪು ವಿನ್ಯಾಸಕಾರ ರಾಲ್ಫ್ ಲಾರೆನ್ ಅವರ ಬಳಿ ಇದೆ. 1990ರಲ್ಲಿ ಪೆಬಲ್ ಬೀಚ್, 2012ರಲ್ಲಿ ಇಟಲಿಯ ವಿಲ್ಲಾ ದೆಸ್ತೆ, ಎರಡೂ ಕಡೆ ಗೆದ್ದಿದೆ. ನೀವು ಅಚ್ಚು ಹಾಕಿದ ಕಪ್ಪು ಕಾರು ಇದೇ. ಹುಟ್ಟಿದಾಗ ಇದರ ಬಣ್ಣ ನೀಲಿ! ಹಾಗಿದ್ದರೂ ಮೂರರಲ್ಲಿ ಪ್ರಶ್ನೆಗೆ ಅತಿ ಕಡಿಮೆ ಎಡೆಯಿರುವ ಕಾರು ಇದೇ. ಕಾರಣ ಸರಳ. ಮೊದಲ ಮೂವತ್ತು ವರ್ಷ ಒಬ್ಬನೇ ಮಾಲೀಕ, ಒಂದೇ ನಂಬರ್ ಪ್ಲೇಟು. ಬ್ರಿಟನ್ನಿನ ಹಳೆಯ ಲಾಗ್‌ಬುಕ್ ಪದ್ಧತಿಯಲ್ಲಿ ಒಬ್ಬರ ನಂತರ ಒಬ್ಬರಂತೆ ಮಾಲೀಕರ ಹೆಸರು, ತಾರೀಖು, ಮೊಹರು ಅದೇ ಪುಸ್ತಕದಲ್ಲಿ ಬೀಳುತ್ತಿತ್ತು. ಬಣ್ಣ ಬದಲಾಗಿದ್ದು, ಸೂಪರ್‌ಚಾರ್ಜರ್ ಬಂದಿದ್ದು ಯಾವಾಗ, ಯಾರಿಂದ ಎಂದು ಹೇಳಬಲ್ಲ ಕಾರು ಅದು. ಹೇಳಬಲ್ಲ ಬದಲಾವಣೆ ಕಳಂಕವಲ್ಲ.

ಇನ್ನು 57453. ಇದು ಜೀನ್ ಬುಗಾಟಿ ತನ್ನ ಓಡಾಟಕ್ಕೆ ಇಟ್ಟುಕೊಂಡ ಕಪ್ಪು ಕಾರು. ಪ್ರದರ್ಶನಗಳಲ್ಲಿ ನಿಂತಿತು, ಕಂಪನಿಯ ಪ್ರಚಾರ ಚಿತ್ರಗಳಲ್ಲಿ ಬಂತು, ಕಂಪನಿಗೆ ಬೇಕಾದ ರೇಸ್ ಚಾಲಕರು ಓಡಿಸಿದರು. ಆದರೆ ಯಾವ ಗಿರಾಕಿಯ ಹೆಸರಿಗೂ ಬರೆಯಲಿಲ್ಲ. 1939ರ ಆಗಸ್ಟ್ 11ರಂದು ಜೀನ್ ಬೇರೊಂದು ಕಾರನ್ನು ಪರೀಕ್ಷಿಸುವಾಗ, ಅಡ್ಡ ಬಂದ ಸೈಕಲ್ ಸವಾರನನ್ನು ತಪ್ಪಿಸಲು ಹೋಗಿ ಸತ್ತ. ಮೂರು ವಾರದಲ್ಲಿ ಯುದ್ಧ ಶುರುವಾಯಿತು. ಜರ್ಮನ್ನರ ಭಯಕ್ಕೆ ಕಾರ್ಖಾನೆಯ ಸಾಮಾನು ಬೋರ್ಡೋಗೆ ಸಾಗಿತು. 1941ರ ಫೆಬ್ರವರಿಯಲ್ಲಿ ರೈಲಿಗೆ ಹತ್ತಬೇಕಿದ್ದ ಕಾರುಗಳ ಪಟ್ಟಿಯಲ್ಲಿ ಇದರ ಸುಳಿವಿದೆ. ಅಲ್ಲಿಂದ ಮುಂದೆ ಏನೂ ಇಲ್ಲ. ಸಿಕ್ಕರೆ ಹತ್ತು ಕೋಟಿ ಯೂರೊಗೂ ಹೆಚ್ಚು ಬಾಳುತ್ತದೆ ಎಂದು ಬುಗಾಟಿ ಕಂಪನಿಯೇ ಹೇಳಿದೆ. 2019ರಲ್ಲಿ ಇದರ ಹೆಸರಿನಲ್ಲೇ ಹೊಸ ಕಾರೊಂದನ್ನು ತೆರಿಗೆ ಬಿಟ್ಟು 1.1 ಕೋಟಿ ಯೂರೊಗೆ ಮಾರಿತು. ಕಾಣೆಯಾದ ಕಾರಿನ ಹೆಸರಿಗೇ ಅಷ್ಟು ಬೆಲೆ. ಈ ಕಾರು ಹೀಗೆ ಮಾಯವಾಗಲು ಯುದ್ಧ ಒಂದು ಕಾರಣವಾದರೆ, ನೋಂದಾಯಿತ ಮಾಲೀಕ ಇಲ್ಲದ್ದು ಇನ್ನೊಂದು. ತನ್ನದು ಎಂದು ಯುದ್ಧ ಮುಗಿದ ಮೇಲೆ ಹುಡುಕಿಕೊಂಡು ಹೋಗುವ ವಾರಸುದಾರ ಒಬ್ಬನಾದರೂ ಇದ್ದಿದ್ದರೆ ಒಂದು ದೂರು, ಒಂದು ವಿಮೆ ಪತ್ರ, ಏನಾದರೊಂದು ಕಾಗದ ಉಳಿಯುತ್ತಿತ್ತು.

ನೂರಕ್ಕೆ ನೂರು ಮೂಲ ಲೋಹ ಇಲ್ಲದ ಕಾರು ಅದೇ ಕಾರು ಹೇಗಾದೀತು ಎಂದು ಓದುಗರು ಕೇಳಬಹುದು. ಇಂಗ್ಲೆಂಡಿನ ಹೈಕೋರ್ಟ್ 1990ರಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿತು. ಕಾರು ಬೆಂಟ್ಲಿ ಸ್ಪೀಡ್ ಸಿಕ್ಸ್, ‘ಓಲ್ಡ್ ನಂಬರ್ ಒನ್’ ಎಂದೇ ಹೆಸರು. ವುಲ್ಫ್ ಬರ್ನಾಟೊ ಇದರಲ್ಲಿ 1929, 1930 ಎರಡೂ ವರ್ಷ ಲೆ ಮಾನ್ ರೇಸ್ ಗೆದ್ದಿದ್ದರು. ರೇಸಿನ ಕಾರಾದ್ದರಿಂದ ಪ್ರತಿ ರೇಸಿಗೂ ಏನಾದರೊಂದು ಬದಲಾಗುತ್ತಿತ್ತು. 1932ರಲ್ಲಿ ಎಂಟು ಲೀಟರ್ ಎಂಜಿನ್ ಬಂತು. ಅದೇ ವರ್ಷ ಬ್ರೂಕ್‌ಲ್ಯಾಂಡ್ಸ್ ರೇಸ್ ಪಥದಲ್ಲಿ ಚಾಲಕ ಕ್ಲೈವ್ ಡನ್‌ಫೀ ಇದರಲ್ಲೇ ಸತ್ತರು. ಆಮೇಲೆ ಬರ್ನಾಟೊ ಅದನ್ನು ರಿಪೇರಿ ಮಾಡಿಸಿ ಮುಚ್ಚಿದ ಕೂಪೆ ಬಾಡಿ ಕಟ್ಟಿಸಿದರು. ಹಲವು ಕೈ ದಾಟಿ ಬಂದ ಕಾರನ್ನು ಮಾಲೀಕ ಹಬರ್ಡ್ ಎಂಬುವವರು ಒಂದು ಕೋಟಿ ಪೌಂಡಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಕೊಳ್ಳುವ ಕಂಪನಿ ಕೊನೆಗೆ ತಕರಾರು ತೆಗೆಯಿತು: ಇದರಲ್ಲಿ ಲೆ ಮಾನ್ ಗೆದ್ದ ಕಾರಿನದು ಏನು ಉಳಿದಿದೆ?

ಲೆಕ್ಕ ಹಾಕಿದರೆ 1930ರ ಕಾರಿನ ಬೆರಳೆಣಿಕೆಯ ಬಿಡಿಭಾಗಗಳು ಮಾತ್ರ ಸಿಕ್ಕವು. ಹಾಗಿದ್ದೂ ನ್ಯಾಯಮೂರ್ತಿ ಆಟನ್ ಮಾರಿದವರ ಪರ ತೀರ್ಪು ಕೊಟ್ಟರು. ತೀರ್ಪಿನ ಸಾರ ಇಷ್ಟು: ಇದು ‘ಮೂಲ’ ಕಾರಲ್ಲ, ಯಾರೂ ಹಾಗೆಂದು ಹೇಳುವಂತಿಲ್ಲ. ಆದರೆ ನಕಲಿಯೂ ಅಲ್ಲ, ಸತ್ತುಹೋದದ್ದನ್ನು ಎಬ್ಬಿಸಿ ಕೂರಿಸಿದ್ದೂ ಅಲ್ಲ. ಒಂದು ಕಾರು ಇನ್ನೊಂದಾಗಿ ಮಾರ್ಪಡುವ ಹಾದಿಯಲ್ಲಿ ಎಲ್ಲೂ ಕೊಂಡಿ ಕಳಚಿಲ್ಲ. ಆದ್ದರಿಂದ ಇದು ನಿಜವಾದ ಓಲ್ಡ್ ನಂಬರ್ ಒನ್. ನಮ್ಮ ಕಡೆಯ ತೇರನ್ನು ನೆನೆದರೆ ಈ ತರ್ಕ ಸುಲಭವಾಗಿ ಅರ್ಥವಾಗುತ್ತದೆ. ಗಾಲಿ ಸವೆದರೆ ಗಾಲಿ, ಅಚ್ಚು ಮುರಿದರೆ ಅಚ್ಚು, ತೊಲೆ ಗೆದ್ದಲು ಹಿಡಿದರೆ ತೊಲೆ ಬದಲಾಗುತ್ತಲೇ ಇರುತ್ತದೆ. ಆದರೂ ಊರಿಗೆ ಅದೇ ತೇರು, ಯಾಕೆಂದರೆ ಬದಲಾಗಿದ್ದೆಲ್ಲ ಊರವರ ಕಣ್ಣೆದುರೇ ಬದಲಾಗಿದೆ.

ಮೋಸ ನಡೆಯುವುದು ಕಣ್ಣೆದುರು ಇಲ್ಲದ ಜಾಗದಲ್ಲಿ. ಚಾಸಿ ಒಬ್ಬನ ಬಳಿ ಉಳಿದು, ಎಂಜಿನ್ ಇನ್ನೊಬ್ಬನಿಗೆ ಮಾರಾಟವಾಗಿ, ಬಾಡಿ ಮೂರನೆಯವನ ಶೆಡ್ಡಿನಲ್ಲಿ ಬಿದ್ದಿರುತ್ತದೆ. ಮೂವತ್ತು ವರ್ಷದ ನಂತರ ಮೂವರ ಮಕ್ಕಳೂ ತಮ್ಮ ತಮ್ಮ ತುಂಡಿನ ಸುತ್ತ ಒಂದೊಂದು ಕಾರು ಕಟ್ಟಿ ಒಂದೇ ನಂಬರ್ ಹೇಳುತ್ತಾರೆ. ಬುಗಾಟಿಯಲ್ಲಿ ಇದನ್ನು ಪತ್ತೆ ಹಚ್ಚಲು ಒಂದು ಅನುಕೂಲವಿದೆ. ಡ್ಯಾಶಿನ ಮುಂಭಾಗದ ತಗಡಿಗೆ ಹೊಡೆದ ಫಲಕ ಬೇರೆ, ಚಾಸಿ ಚೌಕಟ್ಟಿಗೆ ಇದ್ದ ಸ್ವಂತ ಕ್ರಮಸಂಖ್ಯೆ ಬೇರೆ, ಎಂಜಿನ್ ಸಂಖ್ಯೆ ಬೇರೆ. ಅದೇ ಎಂಜಿನ್ ಸಂಖ್ಯೆಯನ್ನು ಗೇರ್‌ಬಾಕ್ಸ್ ಮೇಲೂ ಹಿಂದಿನ ಆಕ್ಸಲ್ ಮೇಲೂ ಅಚ್ಚೊತ್ತುತ್ತಿದ್ದರು. ಫಲಕ ಎರಡು ಸ್ಕ್ರೂ ಬಿಚ್ಚಿದರೆ ಜೇಬಿಗೆ ಬರುವ ವಸ್ತು, ಅದನ್ನೊಂದೇ ನಂಬುವವನು ಮೋಸ ಹೋಗುತ್ತಾನೆ. ಆಕ್ಸಲ್ಲಿನ ಮೇಲಿನ ಅಂಕೆಯನ್ನು ನಕಲು ಮಾಡುವ ತ್ರಾಸು ತೆಗೆದುಕೊಳ್ಳುವವರು ಕಡಿಮೆ.

ಅಚ್ಚೊತ್ತಿದ ಸಂಖ್ಯೆಯನ್ನು ನೋಡುವ ಕ್ರಮ ಎಲ್ಲ ಹಳೆಯ ಕಾರಿಗೂ ಒಂದೇ. ಆ ಕಾಲದಲ್ಲಿ ಒಂದೊಂದೇ ಅಂಕೆಯ ಪಂಚ್ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಹಾಗಾಗಿ ಅಸಲಿ ಸಂಖ್ಯೆ ಗೆರೆ ಎಳೆದಂತೆ ನೇರವಾಗಿರುವುದಿಲ್ಲ. ಒಂದಂಕೆ ಆಳ, ಒಂದು ತೇಲು. ಪಂಚ್ ಇಳಿದಲ್ಲಿ ಲೋಹ ಪಕ್ಕಕ್ಕೆ ತಳ್ಳಲ್ಪಟ್ಟು ಅಂಕೆಯ ಅಂಚಿನಲ್ಲಿ ತೆಳು ದಿಂಡು ಎದ್ದಿರುತ್ತದೆ. ಉಗುರು ಆಡಿಸಿದರೆ ಗೊತ್ತಾಗುತ್ತದೆ. ಹಳೆಯದನ್ನು ಅರದಿಂದ ಉಜ್ಜಿ ಹೊಸದು ಹೊಡೆದಿದ್ದರೆ ಆ ಜಾಗ ಸುತ್ತಲಿನ ಮೈಗಿಂತ ಕೂದಲೆಳೆಯಷ್ಟು ತಗ್ಗಾಗಿರುತ್ತದೆ. ಎರಕದ ಒರಟು ಮೈ ಅಲ್ಲಿ ಮಾತ್ರ ನಯವಾಗಿರುತ್ತದೆ, ಅರದ ಗೀರು ಅಂಕೆಯ ಅಡಿಯಲ್ಲಿ ಹಾದುಹೋಗುತ್ತದೆ. ಟಾರ್ಚನ್ನು ಎದುರಿನಿಂದ ಹಿಡಿದರೆ ಇದ್ಯಾವುದೂ ಕಾಣದು. ಲೋಹಕ್ಕೆ ತಾಗುವಷ್ಟು ಓರೆಯಾಗಿ ಪಕ್ಕದಿಂದ ಹಿಡಿಯಬೇಕು. ಉಕ್ಕಿನಲ್ಲಾದರೆ ಇನ್ನೊಂದು ಹೆಜ್ಜೆ ಇದೆ. ಪಂಚಿನ ಪೆಟ್ಟಿಗೆ ಅಂಕೆಯ ಕೆಳಗಿನ ಲೋಹವೂ ಗಟ್ಟಿಯಾಗಿರುವುದರಿಂದ, ಮೇಲಿನದನ್ನು ಉಜ್ಜಿ ತೆಗೆದರೂ ಆಮ್ಲ ಹಚ್ಚಿದಾಗ ಹಳೆಯ ಅಂಕೆ ನೆರಳಿನಂತೆ ಮೂಡುತ್ತದೆ. ಇದನ್ನು ಮಾತ್ರ ವಿಧಿವಿಜ್ಞಾನ ಪ್ರಯೋಗಾಲಯದವರ ಕೈಯಲ್ಲೇ ಮಾಡಿಸಬೇಕು. ಒಮ್ಮೆ ಆಮ್ಲ ತಿಂದ ಮೈ ಮತ್ತೆ ಸಿಗುವುದಿಲ್ಲ.

ಈಗ ನಮ್ಮ ಮನೆಯ ವಿಷಯ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕೊಟ್ಟಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಹಳೆಯ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು, ಹೊಸದಾಗಿ ಮಾಡಿಸಿದರೆ ರಾಜ್ಯದ ಅಕ್ಷರಗಳ ನಂತರ ‘ವಿಎ’ ಸರಣಿ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ಅವಧಿ 10 ವರ್ಷ. ಫಾರಂ 20ರ ಜೊತೆ ವಿಮೆ, ಹಳೆಯ ಆರ್‌ಸಿ, ಹೊರದೇಶದಿಂದ ಬಂದದ್ದಾದರೆ ಕಸ್ಟಮ್ಸ್‌ನ ಆಮದು ಪತ್ರ (ಬಿಲ್ ಆಫ್ ಎಂಟ್ರಿ) ಕೊಡಬೇಕು. ಮಾರಿದವರೂ ಕೊಂಡವರೂ 90 ದಿನದೊಳಗೆ ತಿಳಿಸಬೇಕು. ದಿನನಿತ್ಯದ ಓಡಾಟಕ್ಕಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿ, ಇಷ್ಟಕ್ಕೆ ರಸ್ತೆಗಿಳಿಸಬಹುದು. ಇದೆಲ್ಲ ಒಳ್ಳೆಯದೇ.

ತೊಡಕಿರುವುದು ವ್ಯಾಖ್ಯೆಯಲ್ಲಿ. ವಾಹನ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ ಶೆಲ್ ಅಥವಾ ಎಂಜಿನ್ನಿನ ಮಾರ್ಪಾಡು ಸೇರಿದ ದೊಡ್ಡ ಬದಲಾವಣೆ ಆಗಿರಬಾರದು ಎನ್ನುತ್ತದೆ ನಿಯಮ. ಅಕ್ಷರಕ್ಕೆ ಅಕ್ಷರ ಹಿಡಿದರೆ ರೈಲಿಗೆ ಸಿಕ್ಕಿ ಎದ್ದು ಬಂದ 57473 ಇಲ್ಲಿ ವಿಂಟೇಜ್ ಅಲ್ಲ. ಕೋರ್ಟಿನಲ್ಲಿ ಗೆದ್ದ ಓಲ್ಡ್ ನಂಬರ್ ಒನ್ ಕೂಡ ಅಲ್ಲ. ನಮ್ಮಲ್ಲಿರುವ ಕಾರುಗಳಿಗೆ ಬಂದರೆ ಪೆಟ್ರೋಲ್ ದುಬಾರಿಯಾದ ವರ್ಷಗಳಲ್ಲಿ ಡೀಸೆಲ್ ಎಂಜಿನ್ ಕೂರಿಸಿಕೊಂಡ ಪ್ಲಿಮತ್, ಡಾಡ್ಜ್, ಷೆವರ್ಲೆಗಳ ಗತಿ ಏನು? ಅಂದು ಹಾಗೆ ಮಾಡದಿದ್ದರೆ ಅವುಗಳಲ್ಲಿ ಎಷ್ಟೋ ಗುಜರಿಗೆ ಹೋಗುತ್ತಿದ್ದವು. ಮಲೆನಾಡಿನ ಶೆಡ್ಡುಗಳಲ್ಲಿ ಮರದ ಚೌಕಟ್ಟಿನ ಬಾಡಿಗೆ ಗೆದ್ದಲು ಹಿಡಿಯುವುದು ಹೊಸದೇನಲ್ಲ. ಅಲ್ಯೂಮಿನಿಯಂ ತಗಡು ಉಕ್ಕಿಗೆ ನೇರ ತಾಗುವ ಕಡೆ ಮಳೆಗಾಲದ ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಮರ, ತಗಡು ಬದಲಿಸದೆ ಅಂಥ ಕಾರನ್ನು ಉಳಿಸುವುದು ಸಾಧ್ಯವೇ ಇಲ್ಲ. ವಿಂಟೇಜ್ ನೋಂದಣಿಗೆ ಮುನ್ನ ತಪಾಸಣೆಗೆ ಬರುವ ಸಮಿತಿಯವರು ಕೇಳಬೇಕಾದ್ದು ಏನಾದರೂ ಬದಲಾಗಿದೆಯೇ ಎಂದಲ್ಲ. ಏನು ಬದಲಾಯಿತು, ಯಾವಾಗ, ಯಾರ ಕಾಲದಲ್ಲಿ, ಕಾಗದ ಎಲ್ಲಿ ಎಂದು. ಬದಲಾವಣೆ ದಾಖಲಾಗಿದ್ದರೆ ಒಪ್ಪಬೇಕು. ದಾಖಲಾಗಿರದಿದ್ದರೆ ಎಷ್ಟೇ ಫಳಫಳ ಹೊಳೆದರೂ ಅನುಮಾನಿಸಬೇಕು. ಹೊಳಪು ಪುಟ್ಟಿ, ಪೇಂಟಿನ ಕೆಲಸ.

ಇದಕ್ಕೆ ಬೇಕಾದ ಕಾಗದ ಕೂಡಿಸುವುದು ನಮ್ಮಲ್ಲಿ ಕಷ್ಟ, ಅಸಾಧ್ಯವಲ್ಲ. ಹಳೆಯ ಪುಸ್ತಕ ರೂಪದ ಆರ್‌ಸಿ ಇದ್ದರೆ ಅದೇ ಚಿನ್ನ. ಮಾಲೀಕತ್ವ ವರ್ಗಾವಣೆ, ತೆರಿಗೆ, ಎಂಜಿನ್ ಬದಲಾವಣೆಯ ನಮೂದು ಎಲ್ಲವೂ ಅದರ ಪುಟಗಳಲ್ಲಿರುತ್ತವೆ. ಸ್ಮಾರ್ಟ್ ಕಾರ್ಡ್ ಬಂದ ಮೇಲೆ ಹಳೆಯ ಪುಸ್ತಕವನ್ನು ಬಿಸಾಡಿದವರು ಬಹಳ. ಕಾರ್ಡಿನಲ್ಲಿ ಉಳಿಯುವುದು ಈಗಿನ ಹೆಸರು ಮಾತ್ರ. ಪುಸ್ತಕ ಕಳೆದಿದ್ದರೆ ಮೂಲ ನೋಂದಣಿಯಾದ ಆರ್‌ಟಿಒದಲ್ಲಿ ಅರ್ಜಿ ಹಾಕಿ ಬಿ-ಎಕ್ಸ್‌ಟ್ರ್ಯಾಕ್ಟ್ (ನೋಂದಣಿ ದಾಖಲೆಯ ಪ್ರತಿ) ತೆಗೆಸಬೇಕು. 1989ಕ್ಕೆ ಮುಂಚಿನ, ‘ಎಂವೈ’ ಎಂದು ಶುರುವಾಗುವ ಮೈಸೂರು ರಾಜ್ಯದ ನಂಬರ್ ಆಗಿದ್ದರೆ ಕಂಪ್ಯೂಟರಿನಲ್ಲಿ ಸಿಗುವ ಸಾಧ್ಯತೆ ಕಡಿಮೆ. ಕೈಬರಹದ ರಿಜಿಸ್ಟರನ್ನೇ ಹುಡುಕಿಸಬೇಕು. ವರ್ಷ ತಿಳಿದಿದ್ದರೆ ಹುಡುಕುವವರಿಗೂ ಸುಲಭ, ಬರೀ ನಂಬರ್ ಹಿಡಿದು ಹೋಗಬೇಡಿ.

ಮಾಲೀಕತ್ವದ ದಾಖಲೆಯ ಸರಪಳಿ ಕಡಿಯುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಮಾಲೀಕರು ತೀರಿಕೊಂಡಾಗ. ವಾರಸುದಾರರು ಫಾರಂ 31 ಹಾಕಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳದೆ, ಸತ್ತವರ ಹೆಸರಿನ ಆರ್‌ಸಿಯನ್ನೇ ಕೊಂಡವರ ಕೈಗಿಡುತ್ತಾರೆ. ಇನ್ನೊಂದು, ಮಾರಾಟದ ವರ್ಗಾವಣೆಗೆ ಬೇಕಾದ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಹೆಸರು ತುಂಬದೆ ಮೂರು ನಾಲ್ಕು ಕೈ ಮಾರುವ ಚಟ. ಮಧ್ಯದ ಮೂವರೂ ಕಾಗದದ ಮೇಲೆ ಇಲ್ಲವೇ ಇಲ್ಲ. ಎಂಜಿನ್ ಬದಲಾಗಿದ್ದು ಅವರ ಕಾಲದಲ್ಲೇ ಆಗಿದ್ದರೆ ಹೇಳುವವರು ಯಾರು? ಮಾಜಿ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ 1971ರಲ್ಲಿ ರದ್ದಾದ ಮೇಲೆ ದೇಶದುದ್ದಕ್ಕೂ ಅರಮನೆಗಳಿಂದ ಹೊರಬಿದ್ದ ಕಾರುಗಳ ಗೋಳೂ ಇದೇ. ‘ಅರಮನೆಯ ಕಾರು’ ಎಂಬ ಮಾತು ಬಾಯಿಂದ ಬಾಯಿಗೆ ಬಂದಿರುತ್ತದೆ, ಕಾಗದ ಬಂದಿರುವುದಿಲ್ಲ. ಅಂಥ ಕಾರನ್ನು ಕೊಳ್ಳುವವರು ಆ ಮಾತಿಗೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಕಿಲ್ಲ. ಬಾಗಿಲ ಹೊಸ್ತಿಲ ಬಳಿ ಬಾಡಿ ಕಟ್ಟಿದವರ ಪುಟ್ಟ ಫಲಕ, ಅದರ ಮೇಲೆ ಬಾಡಿ ನಂಬರ್ ಇದೆಯೇ ನೋಡಬೇಕು. ಇದ್ದರೆ ಆ ನಂಬರ್ ಹಿಡಿದು ತಯಾರಕರ ಹಳೆಯ ಕಡತದಲ್ಲಿ ಕಾರನ್ನು ಯಾರಿಗೆ ಒಪ್ಪಿಸಿದ್ದೆಂದು ಕೇಳಿ ಬರೆಯಬಹುದು. ಇಂಗ್ಲೆಂಡಿನ ಪ್ರೆಸ್ಕಾಟ್‌ನಲ್ಲಿರುವ ಬುಗಾಟಿ ಟ್ರಸ್ಟಿನಂಥ ಸಂಸ್ಥೆಗಳು ಕಾರ್ಖಾನೆಯ ನಕ್ಷೆ, ಕಡತಗಳನ್ನು ಕಾಪಾಡಿಕೊಂಡು ಬಂದಿವೆ.

ಈಗ ಕಾರು ಇಟ್ಟುಕೊಂಡಿರುವವರು ಬಿಚ್ಚುವ ಕೆಲಸಕ್ಕೆ ಕೈ ಹಾಕುವ ಮುನ್ನ ಚಾಸಿ, ಎಂಜಿನ್ ನಂಬರಿನ ಮೇಲೆ ಕಾಗದವಿಟ್ಟು ಉಜ್ಜಿ ಪೆನ್ಸಿಲ್ ಪ್ರಿಂಟ್ ತೆಗೆದು ತಾರೀಖು ಹಾಕಿ ಇಡಬೇಕು. ಮರಳು ಬ್ಲಾಸ್ಟಿಂಗ್‌ಗೆ ಕೊಡುವಾಗ ನಂಬರ್ ಇರುವ ಜಾಗಕ್ಕೆ ದಪ್ಪ ರಬ್ಬರ್ ಕಟ್ಟಿ ಮುಚ್ಚಬೇಕು. ಈ ಒಂದು ಕೆಲಸ ಮರೆತು ಅಸಲಿ ನಂಬರನ್ನೇ ಅಳಿಸಿಕೊಂಡ ಕಾರುಗಳಿವೆ. ಆಮೇಲೆ ಮತ್ತೆ ಹೊಡೆಸಿದರೆ ಅದು ಎಂದೆಂದಿಗೂ ‘ಮರು ಅಚ್ಚು’. ಬಣ್ಣ ಕೆರೆಯುವಾಗ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಪದರ ಪದರವಾಗಿ ಉಜ್ಜಿ, ಪ್ರತಿ ಪದರದ ಫೋಟೊ ತೆಗೆದರೆ ಕಾರಿನ ಬಣ್ಣದ ಚರಿತ್ರೆ ಸಿಗುತ್ತದೆ. ತೆಗೆದ ಮರ, ತಗಡು, ಬುಷ್, ಎಲ್ಲಕ್ಕೂ ಚೀಟಿ ಕಟ್ಟಿ ಗೋಣಿಚೀಲದಲ್ಲಿಟ್ಟರೆ ಸಾಕು, ಗುಜರಿಗೆ ಹಾಕಬಾರದು. ಹೊಸ ಕಾರು ಕಟ್ಟಲಿಲ್ಲ, ಹಳೆಯದನ್ನೇ ರಿಪೇರಿ ಮಾಡಿದ್ದು ಎಂಬುದಕ್ಕೆ ಆ ಚೀಲವೇ ಸಾಕ್ಷಿ. ಗ್ಯಾರೇಜಿನ ಬಿಲ್ಲಿನಲ್ಲಿ ‘ಟಿಂಕರಿಂಗ್, ಪೇಂಟಿಂಗ್’ ಎಂದು ಒಟ್ಟು ಮೊತ್ತ ಬರೆಸಿಕೊಂಡರೆ ಏನೂ ಉಪಯೋಗವಿಲ್ಲ. ಎಡಗಡೆ ಹಿಂದಿನ ಮಡ್‌ಗಾರ್ಡ್, ಇಷ್ಟು ಅಡಿ ತಗಡು ಹೊಸದು ಎಂದು ಬರೆಸಬೇಕು. ಎಂಜಿನ್ ಬದಲಿಸುವುದಾದರೆ ಮೊದಲು ಆರ್‌ಟಿಒ ಒಪ್ಪಿಗೆ, ಆಮೇಲೆ ಆರ್‌ಸಿಯಲ್ಲಿ ನಮೂದು. ಹಳೆಯ ಎಂಜಿನ್ ಕೆಟ್ಟಿದ್ದರೂ ಮಾರಬೇಡಿ, ಕಾರಿನ ಜೊತೆಗೇ ಇರಲಿ.

ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಧರ್ಮಸ್ಥಳದ ಸಂಗ್ರಹದ ಕಾರುಗಳು ಬಂದ ಮೇಲೆ, ಇಂಥ ವಾಹನಗಳನ್ನು ಹತ್ತಿರದಿಂದ ನೋಡುವ ಅವಕಾಶ ಸಾಮಾನ್ಯ ಜನರಿಗೂ ಸಿಕ್ಕಿದೆ. ಕಾರಿನ ಪಕ್ಕದ ಫಲಕದಲ್ಲಿ ತಯಾರಕರ ಹೆಸರು, ಇಸವಿ, ಸಿ.ಸಿ. ಬರೆಯುವುದು ಎಲ್ಲ ಸಂಗ್ರಹಾಲಯಗಳ ಪದ್ಧತಿ. ಅದರ ಕೆಳಗೆ ಮೊದಲ ಮಾಲೀಕರು ಯಾರು, ಇಲ್ಲಿಗೆ ಬರುವ ಮುನ್ನ ಎಷ್ಟು ಕೈ ದಾಟಿತು, ಏನೇನು ಬದಲಾಗಿದೆ ಎಂದು ಇನ್ನೆರಡು ಸಾಲು ಸೇರಿಸಿದರೆ ನೋಡುವವರಿಗೂ ಹಿತ.

ತಮ್ಮಲ್ಲೂ ಒಂದು ಕೋರಿಕೆ. 57453ರ ಬಗ್ಗೆ ಇಂದು ತಿಳಿದಿರುವುದರಲ್ಲಿ ಹಳೆಯ ಫೋಟೊಗಳ ಪಾಲು ದೊಡ್ಡದು. ಬೆಂಗಳೂರು, ಮೈಸೂರುಗಳಲ್ಲಿ ವಿಂಟೇಜ್ ರ್‍ಯಾಲಿ ನಡೆದಾಗ ತಮ್ಮ ಛಾಯಾಗ್ರಾಹಕರು ಕಾರಿನ ಮುಂದೆ ನಿಂತ ಗಣ್ಯರನ್ನು ತೆಗೆಯುತ್ತಾರೆ, ನಂಬರ್ ಪ್ಲೇಟು ಅವರ ಮೊಣಕಾಲಿನ ಹಿಂದೆ ಮರೆಯಾಗಿರುತ್ತದೆ. ಮುಂದಿನ ಸಲ ಗಣ್ಯರನ್ನು ಒಂದು ಹೆಜ್ಜೆ ಪಕ್ಕಕ್ಕೆ ನಿಲ್ಲಿಸಿ, ಪ್ಲೇಟು ಕಾಣುವಂತೆ ಅಚ್ಚು ಹಾಕಿ. ಅಡಿಬರಹದಲ್ಲಿ ಕಾರಿನ ಇಸವಿಯ ಜೊತೆ ಅದರ ಹಳೆಯ ನಂಬರೂ ಇರಲಿ.

ಇತಿ ತಮ್ಮ ಓದುಗ,
ಬಸವನಗುಡಿ, ಬೆಂಗಳೂರು